ಹಾರ್ಡ್ ಮೋಡ್‌ನಲ್ಲಿ ಗೇಮ್ ಆಡಿದ್ರೆ ಬದುಕಿಗೆ ಏನಾದ್ರೂ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಈ ಪ್ರಶ್ನೆಗಳು ತಪ್ಪುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಬಂದ ಹುಡುಗ ಒಂದು ಕೇಳುತ್ತಾನೆ, ದುಡ್ಡು ಕೊಡಲು ಜೊತೆಗೆ ಬಂದ ಅಪ್ಪ ಇನ್ನೊಂದು ಕೇಳುತ್ತಾರೆ. ಕೆಲವು ವಾಟ್ಸಾಪ್‌ನಲ್ಲಿ ಬಂದವು, ಕೆಲವು ಮದುವೆ ಮನೆಯಲ್ಲಿ ಊಟಕ್ಕೆ ಕಾಯುವಾಗ ಬಂದವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಾನೂ ಆಡುವವನೇ, ಅದೂ ಹಾರ್ಡ್‌ನಲ್ಲೇ, ಅಂದರೆ ಗೇಮ್ ಕೊಡುವ ಕಷ್ಟದ ಹಂತದಲ್ಲೇ. ಉತ್ತರಗಳು ಆಟದ ಕಡೆಗೆ ಸ್ವಲ್ಪ ವಾಲಿದ ಹಾಗೆ ಕಂಡರೆ ಅಷ್ಟು ಕಳೆದು ಓದಿಕೊಳ್ಳಿ.

## ಶುರುವಿಗೆ

ಹಾರ್ಡ್ ಮೋಡ್ ಹಾಕಿದ್ರೆ ನಿಜಕ್ಕೂ ಏನು ಬದಲಾಗುತ್ತೆ? ಶತ್ರುಗಳು ಜಾಸ್ತಿ ಬರ್ತಾರೆ, ಅಷ್ಟೇನಾ?

ಆಟದಿಂದ ಆಟಕ್ಕೆ ಬೇರೆ. ಕೆಲವದರಲ್ಲಿ ಬರೀ ಅಂಕಿ ಬದಲಾಗುತ್ತದೆ. ಎರಡು ಗುಂಡಿಗೆ ಬೀಳುತ್ತಿದ್ದವನು ಆರು ಗುಂಡಿಗೆ ಬೀಳುತ್ತಾನೆ, ನಿಮಗೆ ಬೀಳುವ ಪೆಟ್ಟು ಜೋರಾಗುತ್ತದೆ. ಸಾಮ್ರಾಜ್ಯ ಕಟ್ಟುವ ಸಿವಿಲೈಸೇಷನ್ ಗೇಮ್ ಸರಣಿಯಲ್ಲಿ ಎಲ್ಲಕ್ಕಿಂತ ಕಷ್ಟದ ಡೀಟಿ ಹಂತ ಹಾಕಿದರೂ ಕಂಪ್ಯೂಟರ್ ಏನೂ ಜಾಣನಾಗುವುದಿಲ್ಲ. ಅದಕ್ಕೆ ಶುರುವಿನಲ್ಲೇ ಹೆಚ್ಚಿನ ಜನ, ಹೆಚ್ಚಿನ ಉತ್ಪತ್ತಿ ಸಿಗುತ್ತದೆ, ಅಷ್ಟೇ. 1993ರ ಡೂಮ್‌ನಲ್ಲಿ ನೈಟ್‌ಮೇರ್ ಹಂತ ಹಾಕಿದರೆ ರಾಕ್ಷಸರ ವೇಗ ಹೆಚ್ಚುತ್ತದೆ, ಕೊಂದವರು ಮತ್ತೆ ಎದ್ದು ಬರುತ್ತಾರೆ. 2019ರ ಸೆಕಿರೋದಲ್ಲಂತೂ ಈಸಿ, ಹಾರ್ಡ್ ಅನ್ನುವ ಆಯ್ಕೆಯೇ ಇಲ್ಲ. ಎಲ್ಲರಿಗೂ ಒಂದೇ ಕಷ್ಟ.

ಕಲಿಕೆಯ ಮಾತು ಬಂದಾಗ ಈ ವ್ಯತ್ಯಾಸ ಮುಖ್ಯ. ಬರೀ ಅಂಕಿ ಏರಿಸಿದ ಆಟದಲ್ಲಿ ಹಳೆಯ ಉಪಾಯವನ್ನೇ ಇನ್ನಷ್ಟು ಹೊತ್ತು ಮಾಡುತ್ತೀರಿ. ಎದುರಾಳಿಯ ನಡೆ ಬದಲಾಗುವ ಆಟದಲ್ಲಿ ಹೊಸ ಉಪಾಯ ಹುಡುಕಲೇಬೇಕು.

ಸುಮ್ನೆ ಒಂದು ಮಾತಲ್ಲಿ ಹೇಳಿ, ಕಷ್ಟದ ಆಟ ಆಡಿದ್ರೆ ಬುದ್ಧಿ ಬೆಳೆಯುತ್ತಾ ಇಲ್ವಾ?

ಆ ಆಟದ ಬುದ್ಧಿ ಖಂಡಿತ ಬೆಳೆಯುತ್ತದೆ. ಅದಕ್ಕೆ ಹತ್ತಿರದ ಕೆಲಸಕ್ಕೂ ಸ್ವಲ್ಪ ಬರುತ್ತದೆ. ದೂರ ಹೋದಷ್ಟೂ ಕಡಿಮೆ.

ಇದು ಗೇಮ್‌ಗಳಿಗಿಂತ ಹಳೆಯ ಮಾತು. 1901ರಲ್ಲೇ ಮನಃಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಹೇಳಿದ್ದರು: ಒಂದು ಕೆಲಸದಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರಬೇಕಾದರೆ ಎರಡರಲ್ಲೂ ಒಂದೇ ಬಗೆಯ ಅಂಶಗಳು ಇರಬೇಕು. 1973ರಲ್ಲಿ ಚೇಸ್ ಮತ್ತು ಸೈಮನ್ ಚೆಸ್ ಆಟಗಾರರಿಗೆ ಬೋರ್ಡನ್ನು ಕೆಲವು ಸೆಕೆಂಡು ತೋರಿಸಿ ಮುಚ್ಚಿದರು. ನಿಜವಾದ ಪಂದ್ಯದ ಬೋರ್ಡಾದರೆ ಮಾಸ್ಟರ್ ಸರಸರ ಕಾಯಿ ಜೋಡಿಸಿಬಿಡುತ್ತಿದ್ದರು. ಕಾಯಿಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಿಟ್ಟರೆ ಅವರಿಗೂ ಹೊಸಬರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ, ಚೆಸ್ಸಿನ ನೆನಪು ದೊಡ್ಡದಾಗಿತ್ತು. ವಿಡಿಯೋ ಗೇಮ್ ತರಬೇತಿಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಸಾಲಾ, ಗೊಬೆ ಮತ್ತು ಜೊತೆಗಾರರು 2018ರಲ್ಲಿ ಬರೆದ ತೀರ್ಮಾನವೂ ಇದೇ ದಾರಿಯದ್ದು: ಒಟ್ಟಾರೆ ಬುದ್ಧಿಶಕ್ತಿ ಏರುವುದಿಲ್ಲ.

ಈಸಿಯಲ್ಲಿ ಆಡಿ ಮುಗಿಸಿದ್ರೆ ಅದು ಮೋಸ ಅಲ್ವಾ?

ಅಲ್ಲ. ದುಡ್ಡು ನಿಮ್ಮದು, ಸಂಜೆ ನಿಮ್ಮದು. 2018ರ ಸೆಲೆಸ್ಟ್ ಕಷ್ಟಕ್ಕೇ ಹೆಸರಾದ ಆಟ. ಅದನ್ನು ಮಾಡಿದವರೇ ವೇಗ ತಗ್ಗಿಸಿಕೊಳ್ಳುವ, ಸಾಯದೇ ಆಡುವ ಸೌಲಭ್ಯವನ್ನು ಒಳಗೇ ಇಟ್ಟಿದ್ದಾರೆ. ಹಾರ್ಡ್ ಆಡುವವರ ಜಂಬಕ್ಕೆ ಕಿವಿಗೊಡಬೇಡಿ. ನನ್ನದಕ್ಕೂ.

## ಆಟದಿಂದ ಹೊರಗೆ

ಗೇಮ್ ಆಡೋ ಸರ್ಜನ್‌ಗಳು ಆಪರೇಷನ್ ಚೆನ್ನಾಗಿ ಮಾಡ್ತಾರೆ ಅಂತ ಪೇಪರಲ್ಲಿ ಬಂದಿತ್ತಲ್ಲ ಸಾರ್?

ಬಂದಿತ್ತು. ಅಮೆರಿಕದ ರೋಸರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ. 33 ಸರ್ಜನ್‌ಗಳನ್ನು ನೋಡಿದ್ದರು. ಹಿಂದೆ ವಾರಕ್ಕೆ 3 ಗಂಟೆಗಿಂತ ಜಾಸ್ತಿ ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿ ಕಸರತ್ತಿನಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು, ಶೇ 27ರಷ್ಟು ಬೇಗ ಮುಗಿಸಿದ್ದರು.

ಲ್ಯಾಪರೊಸ್ಕೋಪಿ ಅಂದರೆ ಏನು ಅಂತ ನೋಡಿ. ಹೊಟ್ಟೆಯಲ್ಲಿ ಸಣ್ಣ ರಂಧ್ರ, ಒಳಗೆ ಕ್ಯಾಮೆರಾ, ಕೈಯಲ್ಲಿ ಉದ್ದ ಸಲಕರಣೆ, ಕಣ್ಣು ಪರದೆಯ ಮೇಲೆ. ಕೈ ಇಲ್ಲಿ, ಅದರ ಕೆಲಸ ಅಲ್ಲಿ. ಗೇಮ್‌ನಲ್ಲೂ ಅದೇ. ಹತ್ತಿರದ ಕೆಲಸ, ಆದ್ದರಿಂದ ಬಂತು. ಜೊತೆಗೆ, ಮೊದಲೇ ಕೈ ಚುರುಕಾಗಿದ್ದವರು ಗೇಮ್ ಕಡೆ ಹೋಗಿರಬಹುದು, ಈ ಅಧ್ಯಯನ ಅದನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಹಾರ್ಡ್ ಮೋಡ್‌ನ ಮಾತಂತೂ ಅದರಲ್ಲಿ ಬರುವುದೇ ಇಲ್ಲ. ನೀಟ್‌ಗೆ ಓದಬೇಕಾದ ಮಗಳ ಕೈಗೆ ಕಂಟ್ರೋಲರ್ ಕೊಡಲು ಇದು ಕಾರಣ ಆಗುವುದಿಲ್ಲ.

ಕಣ್ಣು ಚುರುಕಾಗುತ್ತೆ ಅಂತಾರೆ, ಅದಾದ್ರೂ ನಿಜಾನಾ?

ಇದಕ್ಕೆ ಆಧಾರ ಸ್ವಲ್ಪ ಗಟ್ಟಿ. 2003ರಲ್ಲಿ ಗ್ರೀನ್ ಮತ್ತು ಬವೇಲಿಯೆ ನೇಚರ್ ಪತ್ರಿಕೆಯಲ್ಲಿ ಬರೆದರು. ಗೇಮ್ ಆಡದವರನ್ನು ಕೂರಿಸಿ ದಿನಕ್ಕೆ ಒಂದು ಗಂಟೆಯಂತೆ 10 ದಿನ ಆಡಿಸಿದರು. ಒಂದು ಗುಂಪಿಗೆ ಗುಂಡು ಹಾರಿಸುವ ಮೆಡಲ್ ಆಫ್ ಆನರ್, ಇನ್ನೊಂದಕ್ಕೆ ಟೆಟ್ರಿಸ್. ಮೊದಲ ಗುಂಪಿನವರು ಪರದೆಯ ಅಂಚಿನಲ್ಲಿ ಮಿಂಚಿ ಮರೆಯಾಗುವುದನ್ನು ಗಮನಿಸುವುದರಲ್ಲಿ ಮುಂದಾದರು. ಆಮೇಲೆ ಈ ಬಗ್ಗೆ ವಾದ ನಡೆದೇ ಇದೆ. 2018ರಲ್ಲಿ ಬೇರೊಂದು ತಂಡ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ, ಆ್ಯಕ್ಷನ್ ಗೇಮ್‌ಗಳಿಂದ ಗಮನ ಶಕ್ತಿಗೆ ಸಣ್ಣದಾದರೂ ಲಾಭ ಇದೆ ಎಂದಿತು.

ಅವೆಲ್ಲ ಪರದೆಯ ಮುಂದೆ ಮಾಡಿದ ಪರೀಕ್ಷೆಗಳು ಅನ್ನುವುದನ್ನು ಮರೆಯಬೇಡಿ. ಸಂಜೆ ತೋಟದ ದಾರಿಯಲ್ಲಿ ಮರದ ನೆರಳಿಗೆ ಆನೆ ನಿಂತಿರುವುದು ಗೊತ್ತಾಗುವುದು ಮುರಿದ ಬೈನೆ ಕೊಂಬೆಯಿಂದ, ಹಸಿ ಲದ್ದಿಯಿಂದ, ವಾಸನೆಯಿಂದ. ಆ ಪಾಠ ಯಾವ ಗೇಮ್‌ನಲ್ಲೂ ಇಲ್ಲ.

ಶೂಟಿಂಗ್ ಗೇಮಲ್ಲಿ ನಾನು ಟಾಪ್. ಕೈಲ್ ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯೋಕೆ ಆಗುತ್ತಾ?

ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಕೋವಿಯಿಂದ ತೆಂಗಿನಕಾಯಿಗೆ ಗುರಿ ಇಡುವ ಮಾತಾದರೆ, ಬೆಟ್ಟು ಕಟ್ಟಬೇಡ ತಮ್ಮ. ಮೌಸ್‌ನಲ್ಲಿ ಗುರಿ ಇಡುವುದು ಮಣಿಕಟ್ಟು. ಕೋವಿಯಲ್ಲಿ ಗುರಿ ಇಡುವುದು ಇಡೀ ಮೈ. ಹಿಡಿ ಭುಜಕ್ಕೆ ಒತ್ತಿ ಕೂರಬೇಕು, ಉಸಿರು ಅರ್ಧ ಬಿಟ್ಟು ಹಿಡಿಯಬೇಕು, ಕುದುರೆಯನ್ನು (ಟ್ರಿಗರ್) ಎಳೆಯದೆ ಮೆಲ್ಲಗೆ ಒತ್ತಬೇಕು. ಗೇಮ್‌ನಲ್ಲಿ ಬಂದೂಕು ತೂಗುವುದಿಲ್ಲ, ಭುಜ ನೋಯುವುದಿಲ್ಲ. ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಎಷ್ಟೋ ಹೊಸಬರಿಗೆ ಇರುತ್ತದೆ. ಅದನ್ನು ಬಿಡಿಸಲು ಪಕ್ಕದಲ್ಲಿ ನಿಂತು ಗದರುವ ಮಾವ ಬೇಕು. ಇನ್ನೊಂದು ಮುಖ್ಯ ವಿಷಯ: ಗೇಮ್‌ನಲ್ಲಿ ಬಂದೂಕಿನ ಬಾಯಿ ಯಾರ ಕಡೆಗಾದರೂ ತಿರುಗಿಸಬಹುದು. ಇಲ್ಲಿ ಖಾಲಿ ಕೋವಿಯನ್ನೂ ಹಾಗೆ ತಿರುಗಿಸುವಂತಿಲ್ಲ. ಆ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬಾ.

ಗೇಮ್ ಆಡಿ ರೇಸ್ ಡ್ರೈವರ್ ಆದವರಿದ್ದಾರಂತೆ. ಹಾಗಾದ್ರೆ ಡ್ರೈವಿಂಗ್ ಸ್ಕೂಲ್ ಯಾಕೆ?

ಇದ್ದಾರೆ. ನಿಸಾನ್ ಮತ್ತು ಪ್ಲೇಸ್ಟೇಷನ್ ಸೇರಿ 2008ರಲ್ಲಿ ಜಿಟಿ ಅಕಾಡೆಮಿ ಶುರು ಮಾಡಿದವು. ಗ್ರಾನ್ ಟುರಿಸ್ಮೋ ಗೇಮ್‌ನಲ್ಲಿ ವೇಗವಾಗಿ ಓಡಿಸಿದವರನ್ನು ಆರಿಸಿ ನಿಜವಾದ ಕಾರಿಗೆ ಕೂರಿಸುವುದು. 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡೆನ್‌ಬರೋ 2013ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ತಮ್ಮ ವರ್ಗದಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದರು. ಎಲ್ಲಿ ಬ್ರೇಕ್ ಹಾಕಬೇಕು, ತಿರುವನ್ನು ಯಾವ ಗೆರೆಯಲ್ಲಿ ಹಿಡಿಯಬೇಕು ಅನ್ನುವುದು ಗೇಮ್‌ನಲ್ಲೂ ಟ್ರ್ಯಾಕ್‌ನಲ್ಲೂ ಒಂದೇ. ಅದು ಬಂತು. ಆದರೆ ಸಾವಿರಾರು ಜನರಲ್ಲಿ ಆಯ್ಕೆಯಾದ ಮೇಲೆ ಅವರಿಗೆ ನಿಜವಾದ ಕಾರಿನಲ್ಲಿ ತಿಂಗಳುಗಟ್ಟಲೆ ತರಬೇತಿ ಸಿಕ್ಕಿತ್ತು.

ಟ್ರ್ಯಾಕ್‌ನಲ್ಲಿ ಎದುರಿಂದ ಬಸ್ ಬರುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಜುಲೈ ತಿಂಗಳ ಮಂಜಿನಲ್ಲಿ ಇಳಿಯುವಾಗ ಬೇಕಾದದ್ದು ಹಾರ್ನ್, ಡಿಮ್ ಲೈಟ್, ಎರಡನೇ ಗೇರ್ ಮತ್ತು ಮುಂದಿನ ಲಾರಿಯ ಹಿಂದೆ ಸುಮ್ಮನೆ ಹೋಗುವ ತಾಳ್ಮೆ. ಡ್ರೈವಿಂಗ್ ಸ್ಕೂಲಿಗೆ ಹೋಗಿ.

ಅಣ್ಣನ ಮಗ ಹಾಕಿ ಪ್ರಾಕ್ಟೀಸ್ ಬಿಟ್ಟು ಫುಟ್‌ಬಾಲ್ ಗೇಮ್ ಆಡ್ತಾನೆ. ಅದ್ರಿಂದ ಮೈದಾನ ಓದೋಕೆ ಬರುತ್ತೆ ಅಂತಾನೆ. ಹೌದಾ?

ಅರ್ಧ ಹೌದು. ಪಾಸ್ ಕೊಟ್ಟು ಖಾಲಿ ಜಾಗಕ್ಕೆ ಓಡುವುದು, ಎದುರಾಳಿ ಎಲ್ಲಿ ತೆಳುವಾಗಿದ್ದಾನೆ ಎಂದು ನೋಡುವುದು ಎರಡೂ ಆಟಗಳಲ್ಲಿ ಇದೆ. ಆದರೆ ಗೇಮ್‌ನಲ್ಲಿ ಅವನು ಮೈದಾನವನ್ನು ಮೇಲಿನಿಂದ ನೋಡುತ್ತಾನೆ. ನಿಜವಾದ ಆಟದಲ್ಲಿ ಚೆಂಡು ಕೋಲಿನ ತುದಿಯಲ್ಲಿ, ತಲೆ ತಗ್ಗಿಸಿದೆ, ಪಕ್ಕದಿಂದ ಯಾರೋ ನುಗ್ಗುತ್ತಿದ್ದಾರೆ. ತಲೆ ಎತ್ತಿ ನೋಡುವ ಆ ಒಂದು ಕ್ಷಣವೇ ಕಷ್ಟ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ 300ಕ್ಕೂ ಹೆಚ್ಚು ಕುಟುಂಬಗಳು ತಂಡ ಕಳಿಸುತ್ತವೆ. ಅಲ್ಲಿ ಕಂಟ್ರೋಲರ್ ಮುಟ್ಟದ, ಹೊಟ್ಟೆ ಬಂದ ಚಿಕ್ಕಪ್ಪಂದಿರು ನಿಂತಲ್ಲೇ ನಿಂತು ಹುಡುಗರನ್ನು ಓಡಿಸುವುದನ್ನು ನೋಡಿದ್ದೀರಲ್ಲ. ಪ್ರಾಕ್ಟೀಸ್‌ಗೆ ಕಳಿಸಿ, ಗೇಮ್ ಆಮೇಲೆ ಆಡಲಿ.

ಫಾರ್ಮಿಂಗ್ ಗೇಮು, ಮ್ಯಾನೇಜ್‌ಮೆಂಟ್ ಗೇಮು ಹಾರ್ಡಲ್ಲಿ ಆಡಿದ್ರೆ ತೋಟ ನೋಡ್ಕೊಳ್ಳೋಕೆ ಬರುತ್ತಾ?

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬರುವವರು ಇದನ್ನು ತಮಾಷೆಗೆ ಕೇಳುತ್ತಾರೆ, ಆದರೆ ಒಳ್ಳೆಯ ಪ್ರಶ್ನೆ. ಒಂದು ಬರುತ್ತದೆ: ಕೈಯಲ್ಲಿ ದುಡ್ಡು ಉಳಿಸಿಕೊಳ್ಳುವುದು. ಹಾರ್ಡ್‌ನಲ್ಲಿ ಮೊದಲ ಫಸಲಿನ ಹಣವನ್ನೆಲ್ಲ ಟ್ರಾಕ್ಟರಿಗೆ ಸುರಿದವನು ಎರಡನೇ ವರ್ಷ ಮುಳುಗುತ್ತಾನೆ. ಸಾಲ, ಬಡ್ಡಿ, ಕೆಟ್ಟ ವರ್ಷಕ್ಕೆ ಮೀಸಲು, ಇವುಗಳ ಲೆಕ್ಕ ತಲೆಯಲ್ಲಿ ಕೂರುತ್ತದೆ.

ಬರದೇ ಇರುವುದು ಕಣದಲ್ಲಿ ಗೊತ್ತಾಗುತ್ತದೆ. ಕೊಯ್ದ ರೊಬಸ್ಟಾ ಕಾಫಿ ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುತ್ತೀರಿ. ಸಾಕಾ, ಇನ್ನೊಂದು ಬಿಸಿಲು ಬೇಕಾ? ಒಂದು ಹಿಡಿ ಚೆರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ತೇವ ಇದೆ. ಮೂಟೆ ಕಟ್ಟಿದರೆ ಬೂಸ್ಟು. ಮಾರಲು ಹೋದಾಗ 50 ಕಿಲೋ ಮೂಟೆಯ ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ ಓಟಿ (ಔಟ್‌ಟರ್ನ್) ನೋಡುತ್ತಾರೆ. ಮೂಟೆಗೆ 26 ಕಿಲೋ ಬೀಜ ಅಂತ ಬಂದರೆ ಓಟಿ 26. ರೇಟು ನಿಲ್ಲುವುದು ಅದರ ಮೇಲೆ. ಗೇಮ್‌ನಲ್ಲಿ ಬೆಳೆಯ ಮೇಲೆ ಬೆರಳಿಟ್ಟರೆ ಇಷ್ಟು ಶೇಕಡಾ ಅಂತ ಅದೇ ತೋರಿಸಿಬಿಡುತ್ತದೆ. ಕಣದಲ್ಲಿ ಆ ಅಂಕಿ ನಿಮ್ಮ ಕಿವಿಯಲ್ಲೇ ಹುಟ್ಟಬೇಕು.

ಇನ್ನೊಂದು, ತಪ್ಪು ತಿಳಿಯುವುದಕ್ಕೆ ಹಿಡಿಯುವ ಕಾಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಅದು ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೆ ಕೆರೆಯಲ್ಲಿ ನೀರಿರಬೇಕು. ಫಲ ಕಾಣುವುದು ಮುಂದಿನ ಕೊಯ್ಲಿಗೆ. ಈ ವರ್ಷ ಮರಗಸಿಯಲ್ಲಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ನೆರಳು ಜಾಸ್ತಿ ಕಡಿದಿರಾ ಅನ್ನುವುದು ತಿಳಿಯುವ ಹೊತ್ತಿಗೆ ಕಡಿದವರು ಬೇರೆ ತೋಟದಲ್ಲಿರುತ್ತಾರೆ. ಗೇಮ್‌ನಲ್ಲಿ ಹತ್ತು ಫಸಲು ಒಂದು ಭಾನುವಾರದಲ್ಲಿ ಮುಗಿಯುತ್ತದೆ. ತೋಟದಲ್ಲಿ ಹತ್ತು ಫಸಲು ಅಂದರೆ ಹತ್ತು ವರ್ಷ.

## ಮನೆಯಲ್ಲಿ

ಸತ್ತು ಸತ್ತು ಮತ್ತೆ ಅದನ್ನೇ ಆಡ್ತಾನೆ, ಹಠ ಬಿಡಲ್ಲ. ಅದೇ ಹಠ ಲೆಕ್ಕದ ಮೇಲೆ ಯಾಕಿಲ್ಲ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಅಮ್ಮಂದಿರೇ ಹೆಚ್ಚು ಕೇಳುತ್ತಾರೆ, ಸಿಟ್ಟಿನಲ್ಲೇ ಕೇಳುತ್ತಾರೆ.

ಗೇಮ್‌ನಲ್ಲಿ ಸತ್ತಾಗ ಏನಾಗುತ್ತದೆ ನೋಡಿ. ಸತ್ತದ್ದು ಆ ಕ್ಷಣವೇ ಗೊತ್ತು. ಯಾಕೆ ಸತ್ತೆ ಅನ್ನುವುದು ಕಣ್ಣೆದುರೇ ಇದೆ: ಅವನು ಕತ್ತಿ ಎತ್ತಿದ, ನಾನು ಬೇಗ ಹಾರಿದೆ. ಕೆಲವೇ ಸೆಕೆಂಡಿನಲ್ಲಿ ಮತ್ತೆ ಅದೇ ಜಾಗ, ಅದೇ ಎದುರಾಳಿ, ಅದೇ ಕತ್ತಿ. ಯಾರೂ ಬೈಯುವುದಿಲ್ಲ. ಪಕ್ಕದ ಮನೆ ಹುಡುಗಿಗೆ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲ. ಲೆಕ್ಕದ ಟೆಸ್ಟಿನಲ್ಲಿ? ಇಂದು ಬರೆದದ್ದು ಸರಿಯೋ ತಪ್ಪೋ ಅನ್ನುವುದು ವಾರ ಕಳೆದ ಮೇಲೆ ಗೊತ್ತಾಗುತ್ತದೆ. ಬರುವುದು ಒಂದು ಅಂಕಿ, ಜೊತೆಗೆ ಕೆಂಪು ಗೆರೆ. ಎಲ್ಲಿ ಜಾರಿದೆ ಅನ್ನುವುದನ್ನು ಹುಡುಕುವ ಹೊತ್ತಿಗೆ ಮುಂದಿನ ಪಾಠ ಶುರುವಾಗಿರುತ್ತದೆ. ಹಠ ಹುಡುಗನ ಗುಣ ಮಾತ್ರ ಅಲ್ಲ. ಎಲ್ಲಿ ಪ್ರಯತ್ನಕ್ಕೆ ಉತ್ತರ ಬೇಗ ಸಿಗುತ್ತದೋ ಅಲ್ಲಿ ಹಠ ಹುಟ್ಟುತ್ತದೆ.

ಅಂಗಡಿಗೆ ಬರುವ ಪಿಯುಸಿ ಹುಡುಗನೊಬ್ಬ ಕೆಮಿಸ್ಟ್ರಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದ್ದ. ಸೆಕಿರೋದ ಒಬ್ಬ ಬಾಸ್‌ನ (ದೊಡ್ಡ ಎದುರಾಳಿಯ) ಬಗ್ಗೆ ಪೆನ್ಸಿಲ್‌ನಲ್ಲಿ ಬರೆದಿದ್ದ: ‘ಕೆಂಪು ಗುರುತು ಬಂದ್ರೆ ತಡೀಬೇಡ. ಗುಡಿಸೋ ಹೊಡೆತಕ್ಕೆ ಹಾರು. ಅರ್ಧ ಆದ್ಮೇಲೆ ಗಡಿಬಿಡಿ ಮಾಡ್ತೀನಿ, ನಿಧಾನ.’ ಮೂರನೇ ಸಾಲು ಬಾಸ್‌ನ ಬಗ್ಗೆ ಅಲ್ಲ, ಅವನ ಬಗ್ಗೆಯೇ. ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆಗಳಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಬೋರ್ಡ್ ಮೇಲಿನದ್ದನ್ನು ನೋಡಿ ಬರೆದುಕೊಂಡದ್ದು ಮಾತ್ರ.

ಹಾಗಾಗಿ ಹಾರ್ಡ್ ಮೋಡ್ ಕಲಿಸುವುದು ಹಠವನ್ನಲ್ಲ, ಸೋಲನ್ನು ಓದುವುದನ್ನು. ಅದು ತಾನಾಗಿ ಲೆಕ್ಕಕ್ಕೆ ದಾಟುವುದಿಲ್ಲ, ಯಾರಾದರೂ ದಾಟಿಸಬೇಕು. ‘ಗೇಮ್ ಬಿಡು, ಓದು’ ಅನ್ನುವ ಬದಲು ಟೆಸ್ಟ್ ಪೇಪರ್ ಬಂದ ದಿನ ‘ಇಲ್ಲಿ ಯಾಕೆ ಸತ್ತೆ?’ ಅಂತ ಕೇಳಿ ನೋಡಿ. ಒಂದೊಂದು ತಪ್ಪಿನ ಪಕ್ಕ ಒಂದೊಂದು ಸಾಲು ಬರೆಯಲಿ. ಅದೇ ದಿನ ಅದೇ ಬಗೆಯ ಎರಡು ಲೆಕ್ಕ ಮತ್ತೆ ಮಾಡಲಿ. ಬೈಯದೆ ಕೇಳುವುದು ಸುಲಭ ಅಲ್ಲ, ಗೊತ್ತು.

ಎಷ್ಟು ಕಷ್ಟ ಇದ್ರೆ ಸರಿ? ನನ್ನ ತಂಗಿ ಕೋಪದಲ್ಲಿ ಕಂಟ್ರೋಲರ್ ಎಸೀತಾಳೆ.

ಮನಃಶಾಸ್ತ್ರಜ್ಞ ರಾಬರ್ಟ್ ಬ್ಯೋರ್ಕ್ 1994ರಲ್ಲಿ ಇದಕ್ಕೊಂದು ವಿಚಾರ ಕೊಟ್ಟರು: ಕೆಲವು ಬಗೆಯ ಕಷ್ಟ ಕಲಿಯುವಾಗ ತಡೆಯಾಗಿ ಕಂಡರೂ ಕಲಿತದ್ದು ಉಳಿಯಲು ನೆರವಾಗುತ್ತದೆ. ಎಲ್ಲ ಕಷ್ಟವೂ ಅಲ್ಲ. ಕಲಿಯುವವರು ಸ್ವಲ್ಪ ಹೆಣಗಿದರೆ ದಾಟಬಹುದಾದ ಕಷ್ಟ ಮಾತ್ರ. ಕೆಲವು ಆಟಗಳು ಇದನ್ನು ಒಳಗಿಂದೊಳಗೇ ಸರಿಪಡಿಸುತ್ತವೆ. 2005ರ ರೆಸಿಡೆಂಟ್ ಈವಿಲ್ 4 ನೀವು ಪದೇ ಪದೇ ಸತ್ತರೆ ಹೇಳದೆಯೇ ಸ್ವಲ್ಪ ಸಡಿಲಾಗುತ್ತದೆ.

ನಾನು ಹೇಳುವ ಪರೀಕ್ಷೆ ಇಷ್ಟೇ. ಸತ್ತ ತಕ್ಷಣ ‘ಯಾಕೆ?’ ಅಂತ ಕೇಳಿ. ಕಾರಣ ಹೇಳಿದರೆ ಹಂತ ಸರಿಯಾಗಿದೆ. ‘ಗೇಮೇ ಸರಿ ಇಲ್ಲ’ ಅಂದರೆ ಒಂದು ಹಂತ ಇಳಿಸಿ. ಕಂಟ್ರೋಲರ್ ಎಸೆದರೆ ಅವತ್ತಿಗೆ ಸಾಕು. ಆಮೇಲೆ ನನ್ನ ಹತ್ತಿರ ತನ್ನಿ, ಸ್ಟಿಕ್ ಬದಲಿಸಿಕೊಡುತ್ತೇನೆ.

ರಮ್ಮಿಗೂ ಕೌಶಲ ಬೇಕಲ್ವಾ? ಅದೂ ಕಷ್ಟದ ಆಟಾನೇ ಅಲ್ವಾ?

ದುಡ್ಡಿಟ್ಟು ಆಡುವ ಆ್ಯಪ್‌ಗಳ ಮಾತಾದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಅವನ್ನೆಲ್ಲ ನಿಷೇಧಿಸಿದೆ. ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಈ ಪುಟದ ಮಾತು ಜೂಜಿನದ್ದಲ್ಲ.

ಇದು ಚಟ ಆಗಿದೆ ಅಂತ ಯಾವಾಗ ತಿಳ್ಕೋಬೇಕು?

ಗಂಟೆ ಎಣಿಸಿ ಹೇಳುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಡಿಸಾರ್ಡರ್ ಜಾರಿಯಲ್ಲಿದೆ. ಅದು ನೋಡುವುದು ಮೂರು ವಿಷಯ: ಆಟದ ಮೇಲೆ ಹಿಡಿತ ಇಲ್ಲದಿರುವುದು, ಬೇರೆ ಎಲ್ಲದಕ್ಕಿಂತ ಆಟವೇ ಮುಂದೆ ಬರುವುದು, ಹಾನಿ ಆಗುತ್ತಿದ್ದರೂ ಬಿಡದಿರುವುದು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದು ಓದು, ಕೆಲಸ, ಸಂಬಂಧ ಕೆಡಬೇಕು. ಹಾರ್ಡ್‌ನಲ್ಲಿ ಆಡುತ್ತಾನೆ ಅನ್ನುವುದು ಇಲ್ಲಿ ಸಮಜಾಯಿಷಿ ಆಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ.

## ಇನ್ನೂ ಒಳಕ್ಕೆ

ನಾನು ಆರ್ಮಿಯಲ್ಲಿದ್ದವನು. ಏರ್‌ಫೋರ್ಸ್‌ನವರು ಗೇಮ್ ಆಡಿಸಿ ತರಬೇತಿ ಕೊಟ್ಟಿದ್ದಾರಂತೆ, ಅದು ಹೇಗೆ?

ಇಸ್ರೇಲಿ ವಾಯುಪಡೆಯದ್ದು, ಗೋಫರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಗೇಮ್‌ನ ಹೆಸರು ಸ್ಪೇಸ್ ಫೋರ್ಟ್ರೆಸ್. ನೋಡಿದರೆ ವಿಮಾನಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಬರೀ ಗೆರೆಗಳ ಚಿತ್ರ. ಆದರೆ ಒಂದೇ ಹೊತ್ತಿಗೆ ಹಡಗು ನಡೆಸಬೇಕು, ಗುಂಡು ಹಾರಿಸಬೇಕು, ಮೈನ್ ಗುರುತಿಸಬೇಕು, ಗುಂಡಿನ ಲೆಕ್ಕ ಇಡಬೇಕು. ಸುಮಾರು 10 ಗಂಟೆ ಇದನ್ನು ಆಡಿದ ಕೆಡೆಟ್‌ಗಳು ನಿಜವಾದ ಹಾರಾಟದ ಪರೀಕ್ಷೆಯಲ್ಲಿ ಆಡದವರಿಗಿಂತ ಹೆಚ್ಚು ಅಂಕ ಪಡೆದರು.

ಎರಡು ಗುಟ್ಟು. ಗಮನವನ್ನು ನಾಲ್ಕು ಕಡೆ ಹಂಚುವುದು ಕಾಕ್‌ಪಿಟ್‌ನಲ್ಲೂ ಅದೇ ಬಗೆಯ ಕೆಲಸ. ಜೊತೆಗೆ ಅವರನ್ನು ಸುಮ್ಮನೆ ಆಡಲು ಬಿಟ್ಟಿರಲಿಲ್ಲ. ಯಾವಾಗ ಯಾವುದರ ಮೇಲೆ ಗಮನ ಇಡಬೇಕು ಅನ್ನುವುದನ್ನೂ ಹೇಳಿಕೊಟ್ಟಿದ್ದರು. ಕಷ್ಟದ ಆಟ ಒಂದೇ ಸಾಕಾಗಿದ್ದರೆ ಆ ಪಾಠ ಯಾಕೆ ಬೇಕಿತ್ತು?

ಬುದ್ಧಿ ಚುರುಕು ಮಾಡೋ ಆ್ಯಪ್ ತಗೊಂಡ್ರೆ ಗೇಮ್‌ಗಿಂತ ಒಳ್ಳೇದಾ?

ದುಡ್ಡು ಉಳಿಸಿ. ಜಾಹೀರಾತಿನಲ್ಲಿ ಹೇಳಿದಷ್ಟು ಪುರಾವೆ ಇಲ್ಲದ್ದಕ್ಕೆ ಲುಮೋಸಿಟಿ ಆ್ಯಪ್‌ನ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಟೀಮ್ ಲೀಡರ್ ಆಗಿದ್ದೆ ಅಂತ ರೆಸ್ಯುಮೆಯಲ್ಲಿ ಬರೀಬಹುದಾ?

ರ‍್ಯಾಂಕ್ ಬರೆಯಬೇಡಿ, ಮಾಡಿದ ಕೆಲಸ ಬರೆಯಿರಿ. ‘ಹೈಯೆಸ್ಟ್ ಡಿಫಿಕಲ್ಟಿ ಮುಗಿಸಿದ್ದೇನೆ’ ಅಂದರೆ ಎದುರು ಕೂತವರಿಗೆ ಏನೂ ಅರ್ಥವಾಗುವುದಿಲ್ಲ. ಊರಿನ ಹುಡುಗರನ್ನು ಸೇರಿಸಿ ಟೂರ್ನಮೆಂಟ್ ನಡೆಸಿದ್ದರೆ, ಪಟ್ಟಿ ಮಾಡಿ, ಪ್ರವೇಶ ಹಣದ ಲೆಕ್ಕ ಇಟ್ಟು, ಮಳೆಗೆ ನೆಟ್ ಹೋದಾಗ ಪಂದ್ಯ ಮುಂದೂಡಿ ಎಲ್ಲರನ್ನೂ ಸಮಾಧಾನ ಮಾಡಿದ್ದರೆ, ಅದನ್ನು ಬರೆಯಿರಿ. ಅದು ಯಾರಿಗಾದರೂ ಅರ್ಥವಾಗುತ್ತದೆ.

ಒಮ್ಮೆ ಸತ್ರೆ ಮುಗೀತು, ಸೇವ್ ಅಳಿಸಿ ಹೋಗುತ್ತೆ. ಅಂಥ ಮೋಡ್ ಜೀವನಕ್ಕೆ ಹತ್ತಿರ ಅಲ್ವಾ?

ಸ್ವಲ್ಪ ಹತ್ತಿರ. ಎಕ್ಸ್‌ಕಾಮ್ ಅನ್ನುವ ಯುದ್ಧದ ಗೇಮ್‌ನ ಐರನ್‌ಮ್ಯಾನ್ ಮೋಡ್‌ನಲ್ಲಿ ಒಂದೇ ಸೇವ್, ಹಿಂದಕ್ಕೆ ಹೋಗುವಂತಿಲ್ಲ. ಆಗ ಆಟದ ರೀತಿಯೇ ಬದಲಾಗುತ್ತದೆ. ಗೆಲ್ಲುವ ದಾರಿಗಿಂತ ಮೊದಲು ಹಿಂದೆ ಸರಿಯುವ ದಾರಿ ನೋಡುತ್ತೀರಿ. ಶೇ 90 ತಗಲುವ ಗುಂಡೂ ಹತ್ತರಲ್ಲಿ ಒಂದು ಸಲ ತಪ್ಪುತ್ತದೆ ಅನ್ನುವುದು ಮೈಗೆ ಹತ್ತುತ್ತದೆ. ಸಾಮಾನ್ಯ ಹಾರ್ಡ್ ಮೋಡ್‌ನಲ್ಲಿ ಸೋಲಿಗೆ ಬೆಲೆಯೇ ಇಲ್ಲ, ಹಾಗಾಗಿ ಅಲ್ಲಿ ಧೈರ್ಯ ಅಗ್ಗ. ಇಲ್ಲಿ ಹಾಗಲ್ಲ. ಗೇಮ್‌ನಿಂದ ಹೊರಗೆ ಏನಾದರೂ ಕೊಂಡೊಯ್ಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪ್ರತಿ ಸುತ್ತು ಮುಗಿದ ಮೇಲೆ ಯಾವ ತೀರ್ಮಾನದಲ್ಲಿ ಕೆಟ್ಟೆ ಅಂತ ಯಾರಿಗಾದರೂ ಬಾಯಿಬಿಟ್ಟು ಹೇಳಿ. ಬರೀ ಅದೃಷ್ಟ ಕೆಟ್ಟದ್ದು ಯಾವುದು, ನೀವು ಕೆಡಿಸಿದ್ದು ಯಾವುದು ಅಂತ ಬೇರೆ ಮಾಡಿ ಹೇಳಿ.

ಕೊಡಗಿನಲ್ಲಿ ಇದಕ್ಕೊಂದು ಎಚ್ಚರಿಕೆ ಸೇರಿಸಲೇಬೇಕು. ಒಂದೇ ಸೇವ್ ಇರುವ ಆಟದಲ್ಲಿ ಸೇವ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಕೆಡಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗದ ವಾರ ಇರುವುದಿಲ್ಲ. ಡೆಸ್ಕ್‌ಟಾಪ್‌ಗೆ ಸಣ್ಣ ಯುಪಿಎಸ್ ಹಾಕಿಸಿ. ಈಗಾಗಲೇ ಇದ್ದರೆ ಮಳೆ ಶುರುವಾಗುವ ಮೊದಲು ಬ್ಯಾಟರಿ ನೋಡಿಸಿ.